ಬೀದಿಯ ಅಲಂಕಾರ ಮತ್ತು ಬೀದಿಯ ಆಚಾರ

ಸಮಿತಿ ಎಂಬ ಶಬ್ದಕ್ಕೆ ಇಂದಿನ ವ್ಯವಹಾರದಲ್ಲಿ ಮಂಡಳಿ, ಆಡಳಿತ ಸಭೆ ಎಂಬ ಅರ್ಥವೇ ರೂಢವಾಗಿದೆ. ಜೈನ ಆಚಾರಶಾಸ್ತ್ರದಲ್ಲಿ ಆ ಶಬ್ದದ ಅರ್ಥ ಬೇರೆ. ಅನ್ಯ ಜೀವಿಗಳಿಗೆ ಬಾಧೆಯಾಗದಂತೆ ಎಚ್ಚರದಿಂದ ನಡೆಸುವ ಪ್ರವೃತ್ತಿಗೆ ಅಲ್ಲಿ ಸಮಿತಿಯೆಂದು ಹೆಸರು. ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ, ಉತ್ಸರ್ಗ ಎಂದು ಅವು ಐದು. ನಡೆಯುವಾಗ, ಮಾತನಾಡುವಾಗ, ಆಹಾರ ಸ್ವೀಕರಿಸುವಾಗ, ವಸ್ತುವನ್ನು ಎತ್ತಿ ಇಡುವಾಗ, ದೇಹಮಲವನ್ನು ವಿಸರ್ಜಿಸುವಾಗ ಮುನಿಗಳು ಪಾಲಿಸಬೇಕಾದ ಎಚ್ಚರಗಳಿವು. ಇವುಗಳಲ್ಲಿ ಮೊದಲನೆಯದೂ ಕಡೆಯ ಎರಡೂ ನೆಲಕ್ಕೆ ನೇರವಾಗಿ ಸಂಬಂಧಿಸಿದವು. ನೆಲದ ಮೇಲೆ ಹೇಗೆ ನಡೆಯಬೇಕು, ನೆಲದಲ್ಲಿ ವಸ್ತುವನ್ನು ಹೇಗೆ ಇಡಬೇಕು ಮತ್ತು ಹೇಗೆ ಎತ್ತಬೇಕು, ನೆಲಕ್ಕೆ ಏನನ್ನು ಎಲ್ಲಿ ಬಿಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಅವು ಉತ್ತರವಾಗಿವೆ.

ಒಂದು ನಗರದ ಬೀದಿಯನ್ನು ಪರೀಕ್ಷಿಸಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯಲಾರದು. ಬೀದಿಯೆಂಬುದು ಜನರು ನಡೆಯುವ ಸ್ಥಳ; ನೀರಿನ ಕೊಳವೆ, ವಿದ್ಯುತ್ ತಂತಿಗಳನ್ನು ಹುಗಿದಿಡುವ ಸ್ಥಳ; ಮಳೆಯ ನೀರೂ ಮನೆಯ ಕಸವೂ ಹೊರಹೋಗುವ ಸ್ಥಳ. ಈ ಮೂರು ಕಾರ್ಯಗಳು ಬಾಧೆಯಿಲ್ಲದೆ ನಡೆದರೆ ಬೀದಿಗೆ ಆಚಾರವಿದೆಯೆಂದು ಹೇಳಬಹುದು. ನಡೆಯದಿದ್ದರೆ, ಅದರ ಇಕ್ಕೆಲದ ಗೋಡೆಗಳ ಮೇಲೆ ಎಂತಹ ಚಿತ್ರಗಳಿದ್ದರೂ ಅದು ಅಲಂಕಾರ ಮಾತ್ರ. ಬೆಂಗಳೂರಿನಲ್ಲಿ ಕಳೆದ ಹದಿನೈದು ವರ್ಷಗಳಿಂದ ನಗರ ಸೌಂದರ್ಯೀಕರಣದ ಹೆಸರಿನಲ್ಲಿ ನಡೆದಿರುವ ಕಾರ್ಯಗಳನ್ನು ಈ ದೃಷ್ಟಿಯಿಂದ ವಿಮರ್ಶಿಸುವುದು ಅವಶ್ಯವಾಗಿದೆ. ಮೇಲ್ಸೇತುವೆಯ ಕಂಬಗಳಿಗೆ ಬಣ್ಣ, ಮರಗಳಿಗೆ ಸುತ್ತಿದ ವಿದ್ಯುದ್ದೀಪದ ಸರ, ವೃತ್ತಗಳಲ್ಲಿ ಕಾರಂಜಿ, ರಸ್ತೆಯ ನಡುವೆ ಹೂಕುಂಡಗಳು ಬಂದಿವೆ. ಬೀದಿಯೊಳಗಿನ ರಚನೆಯನ್ನೇ ತಿದ್ದುವ ಕೆಲವು ಪ್ರಯತ್ನಗಳೂ ನಡೆದಿವೆ. ಇವೆರಡರ ಭೇದವನ್ನು ತಿಳಿಯದೆ ಹೊಗಳುವುದಾಗಲಿ ತೆಗಳುವುದಾಗಲಿ ಉಚಿತವಲ್ಲ.

ಮೊದಲು ನಡಿಗೆಯ ವಿಚಾರ. ಹಗಲಿನ ಬೆಳಕಿನಲ್ಲಿ, ಜನರು ನಡೆದು ಸವೆದ ಮಾರ್ಗದಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ನಡೆಯುವುದು ಈರ್ಯಾ ಸಮಿತಿ. ಇರುವೆಗೂ ಅಭಯ ನೀಡುವ ನಡಿಗೆಯಿದು. ವಾಹನವನ್ನು ತ್ಯಜಿಸಿ ಬರಿಗಾಲಿನಲ್ಲಿ ವಿಹಾರ ಮಾಡುವ ಮುನಿಗಳೂ ಆರ್ಯಿಕೆಯರೂ ಇಂದು ನಗರವನ್ನು ಪ್ರವೇಶಿಸುವಾಗ ಅವರ ದೃಷ್ಟಿ ನೆಲದ ಮೇಲೆ ನಿಲ್ಲುವಂತಿಲ್ಲ. ಹಿಂದಿನಿಂದ ಬರುವ ವಾಹನದ ಭಯ ಅವರ ಜೊತೆ ಹೋಗುವ ಶ್ರಾವಕರಿಗೆ ಚೆನ್ನಾಗಿ ತಿಳಿದಿದೆ. ವಿಹಾರಕಾಲದಲ್ಲಿ ವಾಹನದ ಆಘಾತಕ್ಕೆ ಸಿಲುಕಿ ಸಾಧು ಸಾಧ್ವಿಯರು ದೇಹವಿಟ್ಟ ದುರ್ಘಟನೆಗಳು ದೇಶದ ಹಲವೆಡೆ ನಡೆದಿವೆ. ಇದು ತ್ಯಾಗಿಗಳಿಗೆ ಮಾತ್ರ ಒದಗಿದ ಕಷ್ಟವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಪಾದಚಾರಿಗಳು. ಯಾರಿಗೂ ಬಾಧೆ ಕೊಡದೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರು ಹೀಗೆ ಪ್ರತಿದಿನ ಸರಾಸರಿ ತೊಂಬತ್ತು ಮಂದಿ ಸಾಯುವ ದೇಶದಲ್ಲಿ, ನಡೆಯುವ ಮಾರ್ಗವನ್ನು ಸರಿಪಡಿಸುವುದು ಅಹಿಂಸೆಯ ಕಾರ್ಯವೇ ಹೊರತು ಕೇವಲ ಇಂಜಿನಿಯರುಗಳ ಕಾರ್ಯವಲ್ಲ.

ಪಾದಚಾರಿ ಮಾರ್ಗ ಹೇಗಿರಬೇಕೆಂಬುದು ಯಾರೂ ಅರಿಯದ ಗೂಢ ವಿದ್ಯೆಯಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಪ್ರಕಾರ, ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲವಿರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು. ಮೇ 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿ ರಕ್ಷಿಸುವ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ಆದರೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪಾದಚಾರಿ ಮಾರ್ಗವೆಂದರೆ ಚರಂಡಿಯ ಮೇಲೆ ಮುಚ್ಚಿದ ಕಲ್ಲುಚಪ್ಪಡಿಗಳ ಸಾಲು. ಒಂದು ಚಪ್ಪಡಿ ಕುಸಿದರೆ ಅದು ಮಾರ್ಗವಲ್ಲ, ಗುಂಡಿ. ವೃದ್ಧೆಯೊಬ್ಬಳು ಬೆಳಗಿನ ದರ್ಶನಕ್ಕೆ ಬಸದಿಗೆ ಹೋಗುವಾಗ ಚಪ್ಪಡಿಯ ಸಂದಿಯನ್ನೂ, ಅಡ್ಡ ನಿಂತ ಟ್ರಾನ್ಸ್‌ಫಾರ್ಮರನ್ನೂ, ನಿಲ್ಲಿಸಿದ ಸ್ಕೂಟರುಗಳನ್ನೂ ಬಳಸಿಕೊಂಡು ಕಡೆಗೆ ರಸ್ತೆಗೇ ಇಳಿಯಬೇಕಾಗುತ್ತದೆ. ಪಕ್ಕದ ಗೋಡೆಯ ಮೇಲೆ ನವಿಲಿನ ಚಿತ್ರ ಬರೆದಿದ್ದರೆ ಆಕೆಗೆ ಅದನ್ನು ನೋಡಲು ಅವಕಾಶವೇ ಇರುವುದಿಲ್ಲ. ಆ ಚಿತ್ರವಿರುವುದು ವಾಹನದಲ್ಲಿ ಕುಳಿತು ಹೋಗುವವರಿಗಾಗಿ. ಸೌಂದರ್ಯೀಕರಣದ ಮೊದಲ ದೋಷ ಇಲ್ಲಿದೆ. ಅದು ನೋಡುವವನನ್ನು ಕುರಿತು ಯೋಚಿಸುತ್ತದೆ, ನಡೆಯುವವನನ್ನು ಮರೆಯುತ್ತದೆ.

ಎರಡನೆಯದು ಆದಾನ-ನಿಕ್ಷೇಪಣ. ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ನೆಲದ ಮೇಲಿಡುವ ಮೊದಲು ಮುನಿಗಳು ಸ್ಥಳವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಗುಡಿಸಿ, ಅನಂತರ ಇಡುತ್ತಾರೆ. ಇಡುವುದಕ್ಕೂ ಎತ್ತುವುದಕ್ಕೂ ಒಂದು ಕ್ರಮವಿದೆ. ನಗರದಲ್ಲಿ ಈ ಕ್ರಮ ಇಲ್ಲದಿರುವುದನ್ನು ಯಾವ ಬೀದಿಯ ನಿವಾಸಿಗಳಾದರೂ ಹೇಳಬಲ್ಲರು. ಡಾಂಬರು ಹಾಕಿದ ಮರುತಿಂಗಳು ನೀರಿನ ಕೊಳವೆಗಾಗಿ ಅಗೆತ, ಅದು ಮುಚ್ಚಿದ ಮೇಲೆ ವಿದ್ಯುತ್ ಕೇಬಲಿಗಾಗಿ ಅಗೆತ, ಅನಂತರ ದೂರವಾಣಿ ಸಂಸ್ಥೆಯವರ ಅಗೆತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಮರಗಳನ್ನು ಕತ್ತರಿಸುವುದು ಮೊದಲಾದವನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಶ್ರಾವಕನ ಗುಣವ್ರತಕ್ಕೆ ಭಂಗ ತರುವ ಈ ದೋಷವನ್ನು ಒಂದು ಮಹಾನಗರ ವರ್ಷವರ್ಷವೂ ಟೆಂಡರು ಕರೆದು ಮಾಡುತ್ತಿರುವುದು ವಿಷಾದಕರ.

ಅಗೆತವೆಲ್ಲವೂ ಅನರ್ಥವಲ್ಲ ಎಂಬುದನ್ನೂ ಒಪ್ಪಬೇಕು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಅಲ್ಲಿಗೆ ಕಾವೇರಿ ನೀರನ್ನು ಒಯ್ಯುವ ಐದನೆಯ ಹಂತದ ಯೋಜನೆ ಅಕ್ಟೋಬರ್ 2024ರಲ್ಲಿ ಚಾಲನೆಗೊಂಡಿತು. ಅದಕ್ಕಾಗಿ ಕೊಳವೆ ಹಾಕಲು ರಸ್ತೆಗಳನ್ನು ಅಗೆದದ್ದು ಅನಿವಾರ್ಯವೇ. ಆದರೆ ಬಾಯಾರಿದವರಿಗೆ ನೀರು ಕೊಡಲು ಒಮ್ಮೆ ಅಗೆಯುವುದು ಬೇರೆ; ಪರಸ್ಪರ ಮಾತನಾಡದ ನಾಲ್ಕು ಇಲಾಖೆಗಳು ಒಂದೇ ಸ್ಥಳವನ್ನು ನಾಲ್ಕು ಬಾರಿ ಅಗೆಯುವುದು ಬೇರೆ. ಮೊದಲನೆಯದು ಆರಂಭ, ಎರಡನೆಯದು ಪ್ರಮಾದ.

ಈ ಪ್ರಮಾದಕ್ಕೆ ಪರಿಹಾರವಾಗಿ ಬಂದದ್ದು 'ಟೆಂಡರ್ ಶ್ಯೂರ್' ಎಂಬ ರಸ್ತೆ ನಿರ್ಮಾಣ ಪದ್ಧತಿ. ಕಳೆದ ದಶಕದಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠ್ಠಲ ಮಲ್ಯ ರಸ್ತೆ ಮುಂತಾದ ಕಡೆ ಅದು ಮೊದಲಿಗೆ ಕಾರ್ಯಗತವಾಯಿತು. ಮಳೆನೀರಿನ ಕಾಲುವೆ, ಒಳಚರಂಡಿ, ಕುಡಿಯುವ ನೀರು, ವಿದ್ಯುತ್ತು, ದೂರಸಂಪರ್ಕದ ತಂತಿ ಇವುಗಳಿಗೆಲ್ಲ ರಸ್ತೆಯ ಅಂಚಿನಲ್ಲಿ, ಪಾದಚಾರಿ ಮಾರ್ಗದ ಕೆಳಗೆ, ಬೇರೆ ಬೇರೆ ಸ್ಥಳವನ್ನು ನಿಗದಿಮಾಡಿ, ದುರಸ್ತಿಗಾಗಿ ಅಲ್ಲಲ್ಲಿ ತೆರೆಯಬಹುದಾದ ಮುಚ್ಚಳಗಳನ್ನಿಟ್ಟು, ಮುಂದೆ ರಸ್ತೆಯನ್ನು ಅಗೆಯುವ ಅಗತ್ಯವೇ ಬಾರದಂತೆ ಮಾಡುವುದು ಅದರ ಉದ್ದೇಶ. ವಾಹನಗಳು ಸಾಗುವ ಪಥದ ಅಗಲ ಒಂದೆಡೆ ಹಿಗ್ಗಿ ಇನ್ನೊಂದೆಡೆ ಕುಗ್ಗದಂತೆ ಸಮನಾಗಿಟ್ಟು, ಉಳಿದ ಸ್ಥಳವನ್ನು ನಡೆಯುವವರಿಗೆ ಕೊಡುವುದು ಅದರ ಎರಡನೆಯ ತತ್ತ್ವ. ವಾಹನದವರು ರಸ್ತೆ ಕಿರಿದಾಯಿತೆಂದು ಆಕ್ಷೇಪಿಸಿದರು. ಆ ಆಕ್ಷೇಪವೇ ಈ ಪದ್ಧತಿಯ ಯೋಗ್ಯತೆಗೆ ಸಾಕ್ಷಿ. ಮೊದಲ ಬಾರಿಗೆ ಬೀದಿಯ ಹಂಚಿಕೆಯಲ್ಲಿ ಕಾಲ್ನಡಿಗೆಯವನ ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಹೊರನೋಟಕ್ಕೆ ಈ ರಸ್ತೆಗಳು ಸುಂದರವಾಗಿಯೂ ಕಾಣುತ್ತವೆ. ಆದರೆ ಅವುಗಳ ಸೌಂದರ್ಯ ಮೇಲೆ ಹಚ್ಚಿದ್ದಲ್ಲ, ಒಳಗಿನ ಕ್ರಮದಿಂದ ಹೊಮ್ಮಿದ್ದು.

ಇಷ್ಟಾದರೂ ಈ ಪ್ರಯೋಗದ ಮಿತಿಗಳನ್ನು ಹೇಳದಿರುವುದು ಪಕ್ಷಪಾತವಾದೀತು. ಅಧಿಕ ವೆಚ್ಚದ ಈ ಕಾರ್ಯ ಮೊದಲು ನಡೆದದ್ದು ಶ್ರೀಮಂತ ಅಂಗಡಿಗಳೂ ಕಚೇರಿಗಳೂ ಇರುವ ಮಧ್ಯಭಾಗದಲ್ಲಿ. ಬಸ್ಸಿಳಿದು ಕತ್ತಲಲ್ಲಿ ಮನೆಗೆ ನಡೆಯುವ ಕಾರ್ಮಿಕರು ವಾಸಿಸುವ ಹೊರವಲಯಕ್ಕೆ ಅದು ತಲುಪಲಿಲ್ಲ. ಅಗಲವಾದ ಪಾದಚಾರಿ ಮಾರ್ಗದ ಮೇಲೆ ದ್ವಿಚಕ್ರ ವಾಹನಗಳು ಏರತೊಡಗಿದಾಗ ಗೂಟಗಳನ್ನು ನೆಡಬೇಕಾಯಿತು. ಚರ್ಚ್ ಸ್ಟ್ರೀಟಿನ ಉದಾಹರಣೆ ಇನ್ನಷ್ಟು ಬೋಧಪ್ರದವಾದುದು. 2018ರ ಮಾರ್ಚಿನಲ್ಲಿ ಕಲ್ಲುಹಾಸಿನಿಂದ ಶೋಭಿಸುತ್ತ ಅದು ಮತ್ತೆ ತೆರೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಷೇಧಿಸಿ ನೋಡಲಾಯಿತು. ಜನರು ಬೀದಿಯ ನಡುವೆ ನಿರ್ಭಯವಾಗಿ ನಡೆದಾಡಿದರು. ಪ್ರಯೋಗ ಮುಗಿಯಿತು, ವಾಹನಗಳು ಮರಳಿದವು, ಅವುಗಳ ಭಾರಕ್ಕೆ ಕಲ್ಲುಗಳು ಸಡಿಲಗೊಂಡವು. ಆ ಬೀದಿಗೆ ಹೊಸ ಕಲ್ಲು ಬಂತು, ಹೊಸ ನಿಯಮ ಬರಲಿಲ್ಲ. ಕಲ್ಲನ್ನು ಹಾಸುವುದು ಒಂದು ವರ್ಷದ ಕಾರ್ಯ, ನಿಯಮವನ್ನು ಪಾಲಿಸುವುದು ಪ್ರತಿದಿನದ ಕಾರ್ಯ. ವ್ರತವನ್ನು ಸ್ವೀಕರಿಸುವುದಕ್ಕೂ ನಿರತಿಚಾರವಾಗಿ ಪಾಲಿಸುವುದಕ್ಕೂ ಇರುವ ಅಂತರವನ್ನು ಬಲ್ಲ ಜೈನರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಉತ್ಸರ್ಗ. ವಿಸರ್ಜಿಸುವುದನ್ನು ಜೀವಜಂತುಗಳಿಲ್ಲದ, ಯಾರಿಗೂ ಬಾಧೆಯಾಗದ ಸ್ಥಳದಲ್ಲಿ ವಿಸರ್ಜಿಸಬೇಕೆಂಬ ನಿಯಮದಲ್ಲಿ ಒಂದು ಸಾಮಾಜಿಕ ಸತ್ಯವಿದೆ. ತನಗೆ ಬೇಡವಾದದ್ದು ಕಣ್ಣಿಗೆ ಮರೆಯಾದ ಮಾತ್ರಕ್ಕೆ ತನ್ನ ಹೊಣೆ ತೀರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ, ಹೊರವರ್ತುಲ ರಸ್ತೆಯ ಉದ್ದಕ್ಕೂ ನೀರು ನಿಂತಿತು. ಕೋಟಿಗಟ್ಟಲೆ ಬೆಲೆಬಾಳುವ ಮನೆಗಳಿಂದ ಜನರನ್ನು ದೋಣಿಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳನ್ನು ಒತ್ತಿ ಕಟ್ಟಿದ ಬಡಾವಣೆಗಳ ಹುಲ್ಲುಹಾಸಾಗಲಿ ಕಾರಂಜಿಯಾಗಲಿ ಆ ದಿನ ಯಾರನ್ನೂ ಕಾಪಾಡಲಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ಮಳೆನೀರಿಗೆ ಸಿಲುಕಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆ ಸ್ಥಳ ವಿಧಾನಸೌಧಕ್ಕೆ ಸಮೀಪದಲ್ಲಿದೆ. ನಗರದಲ್ಲಿ ದೀಪಾಲಂಕಾರಕ್ಕೂ ಹೂದೋಟಕ್ಕೂ ಅತಿ ಹೆಚ್ಚು ಗಮನ ದೊರೆಯುವ ಪ್ರದೇಶವದು. ಅಲಂಕಾರ ಅಷ್ಟಿದ್ದ ಸ್ಥಳದಲ್ಲಿ ನೀರಿಗೆ ದಾರಿಯಿರಲಿಲ್ಲ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೂಲವಾಗಿ ಹಿಡಿದಿರುವುದು ಎಷ್ಟು ಯುಕ್ತವೆಂಬುದು ಇಂತಹ ಪ್ರಸಂಗಗಳಲ್ಲಿ ವೇದ್ಯವಾಗುತ್ತದೆ. ಯಾರೂ ಕೊಲ್ಲಬೇಕೆಂದು ಬಯಸಲಿಲ್ಲ, ಆದರೂ ಪ್ರಾಣಹಾನಿಯಾಯಿತು.

ಇಲ್ಲಿ ಒಂದು ಪ್ರತಿವಾದವನ್ನು ಗಮನಿಸಬೇಕು. ಸೌಂದರ್ಯವೇ ಜನರ ನಡತೆಯನ್ನು ತಿದ್ದುತ್ತದೆ, ಸುಂದರ ಸ್ಥಳದಲ್ಲಿ ಯಾರೂ ಕಸ ಎಸೆಯುವುದಿಲ್ಲ ಎಂದು ಅನೇಕರು ಹೇಳುತ್ತಾರೆ. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ದಿ ಅಗ್ಲಿ ಇಂಡಿಯನ್' ಎಂಬ ಅನಾಮಧೇಯ ಸ್ವಯಂಸೇವಕರ ಬಳಗದ ಕಾರ್ಯ ಈ ವಾದಕ್ಕೆ ಒಳ್ಳೆಯ ಆಧಾರ. ಕಸದ ರಾಶಿಯಿದ್ದ ಮೂಲೆಗಳನ್ನು ಅವರು ತಮ್ಮ ಕೈಯಿಂದ ತೆಗೆದು, ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಗಿಡದ ಕುಂಡಗಳನ್ನಿಟ್ಟರು. ಹೆಸರನ್ನು ಹೇಳದೆ ಮಾಡಿದ ಈ ಸೇವೆ ಪ್ರಶಂಸನೀಯ. ಆದರೆ ಅವರ ಯಶಸ್ಸಿನ ಕಾರಣ ಬಣ್ಣವಲ್ಲ, ಮೊದಲು ಕಸವನ್ನು ತೆಗೆದದ್ದು. ಆ ಮೂಲೆಗೆ ಕಸ ಬರುತ್ತಿದ್ದುದು ಏಕೆ, ಪ್ರತಿದಿನ ಮನೆಮನೆಯಿಂದ ಅದನ್ನು ಒಯ್ಯುವವರಿದ್ದಾರೆಯೇ ಎಂಬುದನ್ನು ವಿಚಾರಿಸದೆ ಬಣ್ಣವನ್ನಷ್ಟೇ ಅನುಕರಿಸಿದ ಕಡೆಗಳಲ್ಲಿ ಕಸ ಮುಂದಿನ ಮೂಲೆಗೆ ಹೋಗುತ್ತದೆ. ಅದನ್ನು ಅಲ್ಲಿಂದ ಎತ್ತುವ ಹೊಣೆ ಪೌರಕಾರ್ಮಿಕರ ಮೇಲೆ ಬೀಳುತ್ತದೆ.

ಸೌಂದರ್ಯೀಕರಣದ ಹಿಂದಿರುವ ಮನೋಭಾವವನ್ನು ಪರಿಶೀಲಿಸಿದರೆ ಅಲ್ಲಿ ಎರಡು ಕಷಾಯಗಳು ಕಾಣುತ್ತವೆ: ಮಾನ ಮತ್ತು ಮಾಯೆ. ಒಳಚರಂಡಿಯ ಕೊಳವೆಯ ಮೇಲೆ ಯಾರ ಹೆಸರನ್ನೂ ಕೆತ್ತುವಂತಿಲ್ಲ. ಕಾರಂಜಿಯ ಪಕ್ಕದಲ್ಲಿ ಶಿಲಾಫಲಕವನ್ನು ನಿಲ್ಲಿಸಬಹುದು. ಆದುದರಿಂದ ಹಣ ಕಾರಂಜಿಯ ಕಡೆಗೆ ಹರಿಯುತ್ತದೆ. ಇದು ಮಾನ. ಮರೆಮಾಚುವಿಕೆ ಮಾಯೆ. ಫೆಬ್ರವರಿ 2020ರಲ್ಲಿ ವಿದೇಶೀ ಗಣ್ಯರು ಬರುವ ಮುನ್ನ ಅಹಮದಾಬಾದಿನಲ್ಲಿ ಕೊಳೆಗೇರಿಯ ಪಕ್ಕದಲ್ಲಿ ಗೋಡೆ ಎದ್ದಿತು. ಸೆಪ್ಟೆಂಬರ್ 2023ರ ಜಿ-20 ಸಮ್ಮೇಳನದ ಸಮಯದಲ್ಲಿ ದೆಹಲಿಯ ಕೆಲವು ಬಡಾವಣೆಗಳಿಗೆ ಹಸಿರು ಪರದೆ ಕಟ್ಟಿದರು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಸಂಸತ್ತೇ ಕಾಯಿದೆ ಮಾಡಿದ್ದರೂ, ಸೌಂದರ್ಯದ ಹೆಸರು ಬಂದೊಡನೆ ಮೊದಲು ತೆರವಾಗುವವಳು ಹೂ ಮಾರುವವಳು. ಅವಳಿಗೊಂದು ನಿಗದಿತ ಸ್ಥಳವನ್ನು ಕೊಟ್ಟು ನಡೆಯುವವರಿಗೂ ದಾರಿ ಬಿಡುವುದು ಕಷ್ಟದ ಕೆಲಸ, ಓಡಿಸುವುದು ಸುಲಭದ ಕೆಲಸ. ಇನ್ನು ಮರಗಳಿಗೆ ಸುತ್ತಿದ ದೀಪಗಳ ವಿಚಾರ. ದೀಪಕ್ಕೆ ಮುತ್ತುವ ಕೀಟಗಳ ಮೇಲಿನ ಕರುಣೆಯಿಂದ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಸಮಾಜ, ಹಕ್ಕಿಗಳು ಮಲಗುವ ಕೊಂಬೆಗೆ ರಾತ್ರಿಯಿಡೀ ದೀಪ ಉರಿಸುವುದನ್ನು ಸೊಬಗೆಂದು ಒಪ್ಪುವುದು ಹೇಗೆ?

ಸೌಂದರ್ಯವೇ ಬೇಡವೆಂಬುದು ಈ ವಿಮರ್ಶೆಯ ತಾತ್ಪರ್ಯವಲ್ಲ. ಬೆಂಗಳೂರಿನ ಇತಿಹಾಸವೇ ಬೇರೆ ಮಾರ್ಗವನ್ನು ತೋರಿಸುತ್ತದೆ. 1898ರ ಪ್ಲೇಗಿನ ಹಾವಳಿಯ ಕಾಲದಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳನ್ನೂ, ಮನೆಗಳ ಹಿಂದೆ ನೈರ್ಮಲ್ಯಕ್ಕಾಗಿ ಪ್ರತ್ಯೇಕ ಓಣಿಗಳನ್ನೂ ಬಿಟ್ಟರು. ಅಲ್ಲಿನ ಮರಗಳ ನೆರಳನ್ನು ಇಂದು ಎಲ್ಲರೂ ಮೆಚ್ಚುತ್ತಾರೆ. ಆ ಮರಗಳಿಗೆ ಸ್ಥಳ ದೊರೆತದ್ದು ಬೀದಿಗಳನ್ನು ಅಗಲವಾಗಿ ಎಳೆದದ್ದರಿಂದ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ನಗರಗಳ ಸೌಂದರ್ಯಕ್ಕೆ ಹೆಸರಾದವರು. ಅವರ ಕಾಲದಲ್ಲಿಯೇ, 1933ರಲ್ಲಿ, ಅರ್ಕಾವತಿ ನದಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಪೂರ್ಣಗೊಂಡು ಬೆಂಗಳೂರಿಗೆ ಕುಡಿಯುವ ನೀರು ಬಂತು. ಉದ್ಯಾನವನ್ನು ಬೆಳೆಸಿದ ಆಡಳಿತ ನೀರನ್ನೂ ತಂದಿತ್ತು.

ಇನ್ನೊಂದು ಉದಾಹರಣೆ ಇಂದೂರಿನದು. ಜೈನ ಶ್ರೇಷ್ಠಿಗಳ ಊರಾದ ಇಂದೂರಿಗೆ 1917ರ ಸುಮಾರಿಗೆ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಬಂದರು. ಊರಿನಲ್ಲಿ ಪ್ಲೇಗಿನ ಭಯವಿತ್ತು. ದೀಪಾವಳಿಗೆ ದೊಡ್ಡ ಮೆರವಣಿಗೆಯೊಂದನ್ನು ಏರ್ಪಡಿಸಿ, ಅದು ಎಂದಿನ ದಾರಿಯಲ್ಲಿ ಹೋಗದೆ, ಅತ್ಯಂತ ಚೊಕ್ಕಟವಾಗಿಟ್ಟ ಬೀದಿಗಳಲ್ಲಿ ಹೋಗುವುದೆಂದು ಅವರು ಸಾರಿಸಿದರು. ಬೀದಿಬೀದಿಗಳ ಜನ ಕಸ ತೆಗೆದು ಮನೆಗಳನ್ನು ದುರಸ್ತಿ ಮಾಡಿದರು. ಮೆರವಣಿಗೆಯಲ್ಲಿ ಪೊರಕೆ ಹಿಡಿದ ಜಾಡಮಾಲಿಗಳು ಶುಭ್ರ ವಸ್ತ್ರ ಧರಿಸಿ, ಹೂಮಾಲೆ ತೊಟ್ಟು, ಗೌರವದಿಂದ ನಡೆದರು. ಅಲಂಕಾರ ಇಲ್ಲಿಯೂ ಇತ್ತು. ಆದರೆ ಅದು ಶುಚಿಯ ಅನಂತರ ಬಂತು, ಮತ್ತು ಶುಚಿಗೊಳಿಸಿದವರಿಗೆ ಸಂದಿತು.

ಈ ವಿಮರ್ಶೆ ಸರ್ಕಾರದ ಮೇಲೆ ಮಾತ್ರ ಹೊಣೆ ಹೊರಿಸಿ ಮುಗಿಯುವಂತಿಲ್ಲ. ಬಸದಿಗಳ ಆಡಳಿತ ಮಂಡಳಿಗಳೂ ತಮ್ಮ ಎದುರಿನ ಬೀದಿಯನ್ನು ಒಮ್ಮೆ ನೋಡಬೇಕು. ಬೀದಿಯ ತುದಿಯಲ್ಲಿ ದಾನಿಗಳ ಹೆಸರಿನ ಮಹಾದ್ವಾರ ಎದ್ದಿರುತ್ತದೆ. ಅದರ ಕಂಬಗಳು ಎಷ್ಟೋ ಕಡೆ ಪಾದಚಾರಿ ಮಾರ್ಗದ ಮೇಲೆಯೇ ನಿಂತಿರುತ್ತವೆ. ಒಳಗೆ ಅಮೃತಶಿಲೆಯ ನೆಲ, ಹೊರಗೆ ಕುಸಿದ ಚಪ್ಪಡಿ. ಮಹಾವೀರ ಜಯಂತಿಯ ಮೆರವಣಿಗೆ ಮುಗಿದ ಮೇಲೆ ಪಾನಕದ ಲೋಟಗಳು ಚರಂಡಿಯಲ್ಲಿರುತ್ತವೆ. ಪೂಜೆಗೆ ಬಂದವರ ಕಾರುಗಳು ನೆರೆಯವರ ಬಾಗಿಲನ್ನು ಮುಚ್ಚಿರುತ್ತವೆ. ಅಭಿಷೇಕದ ಜಲ ಕಾಲಿಗೆ ತಾಗದಂತೆ ನೋಡಿಕೊಳ್ಳುವ ಭಕ್ತರು, ಬಸದಿಯ ಮಾಳಿಗೆಯ ಮಳೆನೀರು ಬೀದಿಗೆ ಧುಮುಕುವುದನ್ನು ಗಮನಿಸುವುದಿಲ್ಲ.

ದೇವದ್ರವ್ಯವನ್ನು ಬೀದಿಯ ಕಾರ್ಯಕ್ಕೆ ಬಳಸುವುದು ಧರ್ಮಸಮ್ಮತವೇ ಎಂದು ವಿಶ್ವಸ್ಥರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದೇವದ್ರವ್ಯವನ್ನು ಮುಟ್ಟಬೇಕೆಂದು ಯಾರೂ ಹೇಳುತ್ತಿಲ್ಲ. ಮಹಾದ್ವಾರಕ್ಕೂ ದೀಪಾಲಂಕಾರಕ್ಕೂ ದಾನಿಗಳು ಪ್ರತ್ಯೇಕವಾಗಿ ಕೊಡುವ ಹಣ ಈಗಾಗಲೇ ಬೀದಿಯಲ್ಲಿಯೇ ವೆಚ್ಚವಾಗುತ್ತಿದೆ. ಆ ದಾನವನ್ನು ಮಳೆನೀರಿನ ಇಂಗುಗುಂಡಿಗೆ, ಬಸದಿಯ ಬಾಗಿಲಿನಿಂದ ಬೀದಿಗೆ ಇಳಿಯುವ ಇಳಿಜಾರಿಗೆ, ಬಾಯಾರಿದ ದಾರಿಹೋಕರಿಗೆ ನೀರಿನ ನಲ್ಲಿಗೆ, ಪೌರಕಾರ್ಮಿಕರು ಕುಳಿತು ದಣಿವಾರಿಸುವ ಒಂದು ನೆರಳಿಗೆ ಕೊಡುವಂತೆ ದಾನಿಗಳನ್ನು ಪ್ರೇರೇಪಿಸಬಹುದು. ಚರಂಡಿಯನ್ನೂ ಪಾದಚಾರಿ ಮಾರ್ಗವನ್ನೂ ಕಟ್ಟುವುದು ಪಾಲಿಕೆಯ ಕರ್ತವ್ಯ. 2025ರಲ್ಲಿ ಬೆಂಗಳೂರಿನ ಆಡಳಿತ ಐದು ನಗರಪಾಲಿಕೆಗಳಾಗಿ ವಿಂಗಡಣೆಯಾದ ಮೇಲೆ ಆ ಕರ್ತವ್ಯವನ್ನು ನೆನಪಿಸುವ ಹಕ್ಕು ಪ್ರತಿಯೊಂದು ಬಡಾವಣೆಗೂ ಹೆಚ್ಚು ಸಮೀಪವಾಗಿದೆ. ಬಸದಿಯ ಮಂಡಳಿ ಸನ್ಮಾನ ಸಮಾರಂಭಕ್ಕೆ ಜನಪ್ರತಿನಿಧಿಗಳನ್ನು ಕರೆದಾಗ ಶಾಲು ಹೊದಿಸಿದ ಮೇಲೆ, ಬಸದಿಯಿಂದ ಬಸ್ ನಿಲ್ದಾಣದವರೆಗೆ ಅವರನ್ನು ಒಮ್ಮೆ ಕಾಲ್ನಡಿಗೆಯಲ್ಲಿ ಕರೆದೊಯ್ಯುವುದು ಒಳ್ಳೆಯದು. ಮಹಾವೀರ ಜಯಂತಿಯ ಮೆರವಣಿಗೆಯ ಮಾರ್ಗವನ್ನು ಆರು ತಿಂಗಳ ಮೊದಲೇ ನಿಶ್ಚಯಿಸಿ, ಇಂದೂರಿನಲ್ಲಿ ಮಾಡಿದಂತೆ, ಆ ಮಾರ್ಗದ ಚಪ್ಪಡಿ, ಚರಂಡಿ, ದೀಪಗಳು ಸರಿಯಾಗುವವರೆಗೆ ಬೆನ್ನುಹತ್ತಿ ಕೆಲಸ ಮಾಡಿಸುವುದು ಇನ್ನೂ ಒಳ್ಳೆಯದು.

ಮುನಿಸಂಘವೊಂದು ಊರಿಗೆ ಬರುವ ವಾರ್ತೆ ತಿಳಿದಾಗ ಸಮಾಜ ಮೊದಲು ಯೋಚಿಸುವುದು ತೋರಣ, ಬ್ಯಾನರು, ಮಂಗಲವಾದ್ಯಗಳ ಬಗ್ಗೆ. ಆ ತ್ಯಾಗಿಗಳ ದೃಷ್ಟಿ ತೋರಣದ ಮೇಲಿರುವುದಿಲ್ಲ, ಮುಂದಿನ ನಾಲ್ಕು ಮೊಳ ನೆಲದ ಮೇಲಿರುತ್ತದೆ. ಅವರು ಬಂದು ಹೋದ ಮೇಲೆ ಅದೇ ನೆಲದಲ್ಲಿ ಶಾಲೆಯ ಮಗು, ಊರುಗೋಲು ಹಿಡಿದ ಮುದುಕ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ನಡೆಯುತ್ತಾರೆ. ಆ ನಾಲ್ಕು ಮೊಳವನ್ನು ಸರಿಪಡಿಸಿದ ಮೇಲೆ ತೋರಣ ಕಟ್ಟುವುದಕ್ಕೆ ಯಾರ ಆಕ್ಷೇಪವೂ ಇರಲಾರದು.